ಬಸ್ತಿಹಳ್ಳಿಯಲ್ಲಿ ಬೆಲ್ಲಕ್ಕಾಗಿ ನಡೆದ ವಾದ

ಭಾಷೆ ಎಂಬುದು ಒಂದು ಜನಾಂಗದ ಆತ್ಮ; ಅದನ್ನು ಕಲಿಸುವವನು ಆ ಆತ್ಮದ ಹೆಬ್ಬಾಗಿಲು ಕಾಯುವ ದ್ವಾರಪಾಲಕ. ಅರಸೀಕೆರೆಯ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದ ಮೂವತ್ತೊಂದು ವರ್ಷವೂ ನಾನು ಈ ಮಾತನ್ನು ಪ್ರತಿ ಜೂನ್ ತಿಂಗಳಲ್ಲಿ ಹೇಳಿದ್ದೇನೆ. ಆ ಹೊತ್ತಿನಲ್ಲಿ ಮಕ್ಕಳು ಕಿಟಕಿಯಾಚೆ ಹೋಗುವ ಗೂಡ್ಸ್ ಗಾಡಿಯ ಡಬ್ಬಿಗಳನ್ನು ಎಣಿಸುತ್ತಿದ್ದರು.

ಹೋದ ವರ್ಷ, ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ್ದ ದಿನಗಳು. ನಿವೃತ್ತನಾಗಿ ಮನೆಯಲ್ಲಿದ್ದ ನನಗೆ ಒಬ್ಬಳೇ ಒಬ್ಬ ಶಿಷ್ಯೆ. ಹೆಸರು ಮಿನತಿ, ಒಡಿಶಾದ ಹುಡುಗಿ. ಗಂಡ ರೈಲ್ವೆಯಲ್ಲಿದ್ದ, ನಮ್ಮ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದರು. ನರ್ಸಿಂಗ್ ಓದಿದ್ದ ಅವಳನ್ನು ಊರಿನ ಸಣ್ಣ ಆಸ್ಪತ್ರೆಯೊಂದರವರು ಕೆಲಸಕ್ಕೆ ತೆಗೆದುಕೊಂಡು ಷರತ್ತು ಹಾಕಿದ್ದರು: ಮೂರು ತಿಂಗಳೊಳಗೆ ರೋಗಿಗಳ ಜೊತೆ ತಾನೇ ಕನ್ನಡದಲ್ಲಿ ಮಾತಾಡಬೇಕು, ಇಲ್ಲದಿದ್ದರೆ ಕೆಲಸ ಬಿಡಬೇಕು.

ಎರಡು ತಿಂಗಳು ಶಾಸ್ತ್ರೋಕ್ತವಾಗಿ ಪಾಠ ಮಾಡಿದೆ. ವರ್ಣಮಾಲೆ, ಕಾಗುಣಿತ, ಲಿಂಗ, ವಚನ, ವಿಭಕ್ತಿ. ಮಿನತಿ ಪ್ರತ್ಯಯಗಳನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಳು. ಆದರೆ ಕಣಕಟ್ಟೆ ಕಡೆಯ ಮುದುಕನೊಬ್ಬ ಆಸ್ಪತ್ರೆಯಲ್ಲಿ "ಪಕ್ಕೆ ಹಿಡ್ಕಂಡೈತೆ ಕಣವ್ವ" ಅಂದಾಗ ಬೆಪ್ಪಾಗಿ ನಿಂತಳಂತೆ. ಸಂಜೆ ನನ್ನ ಮುಂದೆ ಕೂತು ಅತ್ತಳು. ಇನ್ನು ಉಳಿದಿದ್ದು ಒಂದೇ ತಿಂಗಳು. ಪಕ್ಕೆನೋವು ಯಾವ ವಿಭಕ್ತಿಯಲ್ಲಿ ಬರುತ್ತದೆಂದು ನಾನು ಕಲಿಸಿರಲಿಲ್ಲ.

ನನ್ನ ಸೊಸೆ ಶೈಲ ಪ್ರೈಮರಿ ಶಾಲೆಯ ಟೀಚರ್. ಆಗತಾನೆ ಯಾವುದೋ ತರಬೇತಿ ಮುಗಿಸಿ ಬಂದಿದ್ದಳು.

"ಮಾವ, ಬೇಜಾರ್ ಮಾಡ್ಕೋಬೇಡಿ. ಈಗ ಭಾಷೆನ ಪಾಠ ಹೇಳಿ ಕಲ್ಸಲ್ಲ, ಕೆಲಸ ಕೊಟ್ಟು ಕಲಿಸ್ತಾರೆ. ಅವಳೇ ಬಸ್ ಹತ್ತಲಿ, ತಿಂಡಿ ಹೇಳಲಿ, ದಾರಿ ಕೇಳಲಿ. ಕೆಲಸ ಆಗ್ತಾ ಆಗ್ತಾ ಮಾತು ಬರುತ್ತೆ. ತಪ್ಪು ಆಮೇಲೆ ತಿದ್ದಿದ್ರಾಯ್ತು."

"ಹಾಗಾದ್ರೆ ಮೇಷ್ಟ್ರ ಕೆಲಸ ಏನಮ್ಮ?"

"ಬಾಯ್ಮುಚ್ಕೊಂಡು ಕೂರೋದು, ಮಾವ. ಅದೇ ಕಷ್ಟ. ತರಬೇತೀಲಿ ನಾವೆಲ್ಲ ಅದ್ರಲ್ಲೇ ಫೇಲು."

ಇಂಥ ಮಾತಿಗೆ ಉತ್ತರವಾಗಿ ನಾನು ಪ್ರತಿಜ್ಞೆಯನ್ನೇ ಮಾಡಿದೆ. ಭಾನುವಾರ ಮಿನತಿ ನನ್ನನ್ನು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಗೆ ಕರೆದೊಯ್ದು ಬಸದಿ ತೋರಿಸಬೇಕು. ಟಿಕೆಟ್, ತಿಂಡಿ, ದಾರಿ, ಎಲ್ಲವನ್ನೂ ಅವಳೇ ಕೇಳಬೇಕು. ಸಂಜೆಯವರೆಗೆ ನಾನು ಮೂಗ. ಅವಳು ಕೇಳಿ ಕೊಡಿಸಿದ್ದನ್ನು ಮಾತ್ರ ತಿನ್ನತಕ್ಕದ್ದು. ತಿಂಡಿ ಹಳೇಬೀಡಿನಲ್ಲಿ ಎಂದು ನಿಶ್ಚಯವಾದ್ದರಿಂದ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮನೆಯಲ್ಲಿಯೇ, ಮಿನತಿಯ ಎದುರಿಗೇ ನುಂಗಿ ಬಸ್ ಹತ್ತಿದೆ.

ಟಿಕೆಟ್ ಸಲೀಸಾಗಿ ಆಯಿತು. ಜಾವಗಲ್ ದಾಟುವಾಗ ಮಿನತಿ ಸ್ವಲ್ಪ ನಕ್ಕಳು ಕೂಡ. ಹಳೇಬೀಡಿನ ಹೋಟೆಲಿನಲ್ಲಿ ಮಾತ್ರ ಎಡವಟ್ಟಾಯಿತು. ಸಪ್ಲಯರ್ ಬಂದು, ಕೈಲಿದ್ದ ಬಟ್ಟೆಯಿಂದ ಟೇಬಲ್ ಒರೆಸುತ್ತ, "ಇಡ್ಲಿ ವಡೆ ಉಪ್ಪಿಟ್ಟು ಪೂರಿ ಚಿತ್ರಾನ್ನ ಸೆಟ್‌ದೋಸೆ ಖಾಲಿದೋಸೆ, ಏನ್ ಕೊಡ್ಲಿ ಬೇಗ ಹೇಳಿ" ಅಂದ. ಆ ವೇಗಕ್ಕೆ ಮಿನತಿಗೆ ಒಂದು ಹೆಸರೂ ಸಿಗಲಿಲ್ಲ. ನನ್ನ ಕಡೆ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಎರಡು ಕಾಫಿ," ಅಂದಳು. "ಒಂದು ಸಕ್ಕರೆ ಬೇಡ."

ಪಕ್ಕದ ಟೇಬಲ್ಲಿಗೆ ದೋಸೆಯೊಂದು ನನ್ನ ಮೂಗಿನ ಮುಂದೆಯೇ ಹಾದುಹೋಯಿತು. ಪ್ರತಿಜ್ಞೆ ಎಂದರೆ ಪ್ರತಿಜ್ಞೆ. ಸಪ್ಪೆ ಕಾಫಿ ಕುಡಿದು ಎದ್ದೆ.

ಬಸ್ತಿಹಳ್ಳಿಗೆ ನಡೆದೇ ಹೋದೆವು. ದಾರಿಯನ್ನು ಇಬ್ಬರ ಹತ್ತಿರ ಕೇಳಿದಳು. ಎರಡನೆಯವರು ಹೇಳಿದ್ದು ಅರ್ಥವಾಯಿತು. ಹೊರಗಿನ ಬಿಸಿಲಿನಿಂದ ಬಸದಿಯ ಒಳಗೆ ಕಾಲಿಟ್ಟರೆ ನೀರಿನೊಳಗೆ ಇಳಿದಷ್ಟು ತಂಪು. ಅಲ್ಲಿನ ಕಂಬಗಳನ್ನು ಕನ್ನಡಿಯ ಹಾಗೆ ನಯ ಮಾಡಿದ್ದಾರೆ. ಒಂದು ಕಂಬದಲ್ಲಿ ನಾನು ತೆಂಗಿನಮರದಷ್ಟು ಉದ್ದ. ಇನ್ನೊಂದರಲ್ಲಿ ಗುಡಾಣದಷ್ಟು ಗಿಡ್ಡ. ಮುಂದಿನದರಲ್ಲಿ ನಾನು ಇಬ್ಬರಿದ್ದೆ, ಇಬ್ಬರೂ ನಡುಗುತ್ತಿದ್ದೆವು. ಅಷ್ಟು ತಂಪಿನಲ್ಲಿಯೂ ಕತ್ತಿನಿಂದ ಬೆವರು ಇಳಿಯುತ್ತಿದೆ ಎಂದು ಆಗ ತಿಳಿಯಿತು. ಮಿನತಿಯನ್ನು ಕರೆಯಬಹುದಿತ್ತು. ಸಂಜೆಯವರೆಗೆ ಮೂಗ ಎಂದಿದ್ದೆನಲ್ಲ, ಸುಮ್ಮನಿದ್ದೆ. ಇಷ್ಟು ದೊಡ್ಡ ಮೂರ್ಖತನಕ್ಕೆ ಇಷ್ಟು ಗಂಭೀರ ಕಾರಣ ಕೊಟ್ಟವರು ಅಪರೂಪ.

ಆಮೇಲೆ ಮಾತಾಡೋಣವೆಂದರೂ ನಾಲಿಗೆ ಏಳಲಿಲ್ಲ. ಕಂಬಕ್ಕೆ ಒರಗಿ ಕುಸಿದೆ. ಹೆದರಿಕೆ ಆಗಲಿಲ್ಲ, ಅದೇ ಸೋಜಿಗ. ಕಂಬದಿಂದ ಕಂಬಕ್ಕೆ ಬೆಳಕು ನಿಧಾನವಾಗಿ ತೇಲುತ್ತಿತ್ತು. ನಾನು ಕಲಿಸಿದ ಮಕ್ಕಳೆಲ್ಲ ಆ ಕಂಬಗಳೊಳಗೆ ಬೆಂಚು ಹಾಕಿಕೊಂಡು ಕೂತಂತೆ, ಹಾಜರಿ ಕೂಗಬೇಕೆಂದರೆ ನನಗೆ ಒಂದು ಹೆಸರೂ ನೆನಪಿಲ್ಲದಂತೆ. ಎದುರಿಗೆ ಎತ್ತರದ ಕರಿಕಲ್ಲಿನ ಮೂರ್ತಿ ಏನನ್ನೂ ಕೇಳದೆ ನಿಂತಿತ್ತು. ಇನ್ನು ಮಾತೇ ಬೇಕಾಗಿಲ್ಲ, ಇಲ್ಲೇ ಇದ್ದುಬಿಡೋಣ ಅನ್ನಿಸಿತು.

ಮಿನತಿಯ ಕೈ ನನ್ನ ಹಣೆ, ಅಂಗೈ, ನಾಡಿ ಮುಟ್ಟಿದ್ದು ಗೊತ್ತಾಯಿತು. ಅವಳು ಹೊರಗೆ ಓಡಿದಳು. ಗೇಟಿನಾಚೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದ ಅಜ್ಜಿಯ ಹತ್ತಿರ "ಬೆಲ್ಲ! ನೀರು! ಮೇಷ್ಟ್ರು!" ಎಂದು ಕೂಗಿದಳು. ನಮ್ಮ ಸೀಮೆಯಲ್ಲಿ ಬಿಸಿಲಲ್ಲಿ ಬಂದವರಿಗೆ ಬೆಲ್ಲ-ನೀರು ಕೊಡುವುದಕ್ಕೆ ಯಾರೂ ಎರಡು ಸಲ ಯೋಚಿಸುವುದಿಲ್ಲ. ಅಜ್ಜಿ ಚೊಂಬು, ಅಚ್ಚುಬೆಲ್ಲ ಹಿಡಿದು ಬಂದೇಬಿಟ್ಟಿತು. ಹಿಂದೆಯೇ ಬಸದಿಯ ಕಾವಲಿನವನೂ ಬಂದ.

"ಏನಾಗೈತವ್ವ ಇವ್ರಿಗೆ?"

ಮಿನತಿ ಸತ್ಯವಂತೆ. "ಸಕ್ಕರೆ ಕಾಯಿಲೆ," ಅಂದಳು.

ಅಜ್ಜಿ ಬೆಲ್ಲವನ್ನು ಸೆರಗಿನೊಳಕ್ಕೆ ಎಳೆದುಕೊಂಡಿತು. "ಅಯ್ಯೋ ನನ್ನವ್ವ! ಸಕ್ರೆ ಕಾಯ್ಲೆಯವ್ರಿಗೆ ಬೆಲ್ಲ ತಿನ್ಸಕ್ಕೆ ಹೊಂಟಿದ್ದೀಯಾ? ಬಸ್ತೀಲಿ ನನ್ ಕೈಯಲ್ಲಿ ಕೊಲೆ ಮಾಡಿಸ್ತೀಯಾ?"

ಕಾವಲಿನವನು ದನಿಗೂಡಿಸಿದ. "ನಮ್ ಭಾವ ಎರಡು ಲಾಡು ತಿಂದಿದ್ದೇ ತಪ್ಪಾಯ್ತು ಕಣಮ್ಮ, ಕಾಲಿನ ಬೆರಳೇ ಹೋಯ್ತು. ಬರೀ ನೀರು ಕೊಟ್ಟು ಮಲಗ್ಸಿ."

ನಾನು ಇದನ್ನೆಲ್ಲ ಕೆರೆಯ ತಳದಲ್ಲಿ ಮಲಗಿದವನು ದಡದ ಮಾತು ಕೇಳುವಂತೆ ಕೇಳುತ್ತಿದ್ದೆ. ಮಿನತಿ ಹಿಂದಿಯಲ್ಲಿ ಏನೋ ಶುರು ಮಾಡಿದಳು. ಅಜ್ಜಿಗೆ ಅದು ತಿಳಿಯಲಿಲ್ಲ. ಅವಳು ಹಿಂದಿ ಬಿಟ್ಟಳು. ಆಮೇಲೆ ಅಜ್ಜಿಯ ಮುಂಗೈ ಹಿಡಿದುಕೊಂಡಳು.

"ಅಜ್ಜಿ, ಕೇಳು. ನಾನು ನರ್ಸ್. ಒಲೆ ಇದೆ. ಸೌದೆ ತುಂಬಾ ಹಾಕ್ತೀ, ಅನ್ನ ಸುಡುತ್ತೆ. ಅದು ನಿಮ್ಮ ಭಾವ. ಸೌದೆ ಹಾಕಲ್ಲ, ಒಲೆ ಸಾಯುತ್ತೆ. ಇದು ಮೇಷ್ಟ್ರು. ಮಾತ್ರೆ ತಿಂದ, ತಿಂಡಿ ತಿನ್ನಲಿಲ್ಲ. ತಪ್ಪು ನಂದು, ನಾನು ತಿಂಡಿ ಕೇಳಲಿಲ್ಲ. ಈಗ ಬೆಲ್ಲ ಇಲ್ಲ, ಮೇಷ್ಟ್ರು ಇಲ್ಲ. ಕೊಡು!"

ಅಜ್ಜಿ ಅವಳ ಮುಖ ನೋಡಿತು. ನನ್ನ ಮುಖ ನೋಡಿತು. "ಒಲೆ ಆರ್ತಾ ಐತೆ ಅಂತ ಮೊದ್ಲೇ ಬೊಗಳ್ಬಾರ್ದೇನೇ ತಾಯಿ!" ಎಂದು ಕಂಬದ ಬುಡಕ್ಕೆ ಬೆಲ್ಲ ಕುಟ್ಟಲು ಹೋಯಿತು. ಕಾವಲಿನವನು "ಏಯ್, ಕಂಬ, ಕಂಬ!" ಎಂದು ಕೂಗಿದ. ಅವನ ಬೆತ್ತದ ಹಿಡಿಯಿಂದಲೇ ಬೆಲ್ಲ ಪುಡಿಯಾಯಿತು. ನಾನು ನುಂಗಬಲ್ಲೆನೇ ಎಂದು ಮೊದಲು ಒಂದು ಗುಟುಕು ನೀರಿನಲ್ಲಿ ಪರೀಕ್ಷೆ ಮಾಡಿ, ಆಮೇಲೆ ಮಿನತಿ ಬೆಲ್ಲದ ನೀರನ್ನು ಸ್ವಲ್ಪ ಸ್ವಲ್ಪವೇ ಕುಡಿಸಿದಳು.

ಕಾಲು ಗಂಟೆಯೊಳಗೆ ಕಂಬಗಳಲ್ಲಿ ನಾನು ಒಬ್ಬನೇ ಆದೆ. ಜಗತ್ತು ತನ್ನ ಅಳತೆಗೆ ಬಂತು. ಸ್ವಲ್ಪ ಬೇಸರವೂ ಆಯಿತೆಂದು ಹೇಳಿದರೆ ನಂಬುವುದು ಕಷ್ಟ. ಆ ತೇಲುವ ಬೆಳಕು ಅಷ್ಟು ಚೆನ್ನಾಗಿತ್ತು.

ಅಜ್ಜಿ ನಮ್ಮನ್ನು ಮನೆಗೆ ಕರೆದೊಯ್ದು ಮುದ್ದೆ, ಹುರುಳಿಕಾಳಿನ ಸಾರು ಬಡಿಸಿತು. "ಈ ಹುಡ್ಗಿಗೆ ಕನ್ನಡ ಯಾರ್ ಕಲ್ಸಿದ್ದು?" ಎಂದು ಕೇಳಿತು. ಮಿನತಿ ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದಳು. "ಪಾಪ," ಅಂದಿತು ಅಜ್ಜಿ. ಅದು ಯಾರನ್ನು ಕುರಿತು ಎಂದು ನಾನು ವಿಚಾರಿಸಲಿಲ್ಲ.

ಅವಳ ಆ ಪುಟ್ಟ ಪುಟ್ಟ ವಾಕ್ಯಗಳಲ್ಲಿ ನಾನು ತಿದ್ದಬಹುದಾದ ತಪ್ಪುಗಳು ಹತ್ತಾದರೂ ಇದ್ದವು. ತಿದ್ದಲು ಉಳಿದವನು ನಾನು, ನನ್ನನ್ನು ಉಳಿಸಿದ್ದು ಆ ತಪ್ಪು ವಾಕ್ಯಗಳೇ. ಇದನ್ನು ಶೈಲಳಿಗೆ ಹೇಳಿದಾಗ ಅವಳು ನಗಲಿಲ್ಲ. ಮಾತ್ರೆ ತಿಂದು ಉಪವಾಸ ಹೋಗಿದ್ದಕ್ಕೆ ಒಂದು ಗಂಟೆ ಬೈದಳು. ಇಂದಿಗೂ ಯಾರಾದರೂ ಹೊಸಬರು ತಡವರಿಸುತ್ತ ಕನ್ನಡ ಮಾತಾಡಿದರೆ, ಮಧ್ಯೆ ಬಾಯಿ ಹಾಕುವ ಮೊದಲು ನನಗೆ ಆ ತಂಪು ಕಂಬ ಬೆನ್ನಿಗೆ ತಾಗಿದಂತಾಗುತ್ತದೆ. ಸುಮ್ಮನಾಗುತ್ತೇನೆ.

ಮೂರನೆಯ ತಿಂಗಳ ಕೊನೆಗೆ ಆಸ್ಪತ್ರೆಯ ಡಾಕ್ಟರಮ್ಮ ಮಿನತಿಯನ್ನು ಒಂದು ಬೆಳಗಿನ ಹೊತ್ತು ರೋಗಿಗಳ ಮುಂದೆ ಒಬ್ಬಳೇ ಕೂರಿಸಿ ನೋಡಿದರು. ಅವಳ ಕೆಲಸ ಉಳಿಯಿತು.