ಅವ್ವನ ಕೋಣೆಯ ಕ್ಯಾಮೆರಾ ಕಾಣದಾದಾಗ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಮನೆಗೆ ಎರಡನೇ ರೂಟರ್ ಹಾಕಿಸಿದೆ. ನಾನೂ ತಮ್ಮನೂ ಪಾಲಾದ ಮೇಲೆ ನಡುಮನೆಗೆ ಗೋಡೆ ಬಂದಿದೆ. ಹಳೆಯ ರೂಟರ್ ಅವನ ಕಡೆ ಉಳಿದು, ನನ್ನ ಕಡೆಗೆ ಸಿಗ್ನಲ್ ಸರಿಯಾಗಿ ಬರುತ್ತಿರಲಿಲ್ಲ. ಆ ಹಳೆಯದರಿಂದಲೇ ವೈರ್ ಎಳೆಸಿ ಹೊಸದನ್ನು ಹಾಕಿಸಿದ್ದೇ ತಡ, ಮೊಬೈಲಿನಲ್ಲಿ ಅವ್ವನ ಕೋಣೆಯ ಕ್ಯಾಮೆರಾ ಕಾಣದಾಯಿತು. ಹಾಸಿಗೆ ಹಿಡಿದ ಅವ್ವ ಇರುವುದು ತಮ್ಮನ ಪಾಲಿನಲ್ಲಿ. ನಾನು ದಿನವೂ ಅವಳನ್ನು ನೋಡುತ್ತಿದ್ದುದು ಆ ಕ್ಯಾಮೆರಾದಲ್ಲೇ.

ಆನವಟ್ಟಿಯ ರಿಪೇರಿಯವನಿಗೆ ಫೋನ್ ಮಾಡಿದೆ. "ಎರಡು ರೂಟರ್ ಬೇರೆ ಬೇರೆ ನೆಟ್‌ವರ್ಕ್ ಆಗ್ಯಾವ್ರೀ. ಅದರಲ್ಲಿರೋದು ಇದಕ್ಕೆ ಕಾಣಲ್ಲ. ನಾಳೆ ಬಂದು ಒಂದು ಮಾಡ್ತೀನಿ" ಎಂದ.

ಅಲ್ಲಿಯವರೆಗೆ ತಡೆಯಲಾಗದೆ ಬೀದಿಗೆ ಇಳಿದು, ತಮ್ಮನ ಬಾಗಿಲಿನಿಂದ ಒಳಗೆ ಹೋದೆ. ಅವನು ಅವ್ವನ ಹಾಸಿಗೆಯ ಪಕ್ಕಕ್ಕೆ ಸ್ಟೂಲು ಸರಿಸಿದ. ಅವ್ವ ನನ್ನ ಮುಖವನ್ನೇ ನೋಡಿ, "ಯಾಕಪ್ಪಾ, ಕ್ಯಾಮೆರಾ ಕೆಟ್ಟೋಯ್ತಾ?" ಎಂದಳು.

"ಕಾಣ್ತಿಲ್ಲವ್ವಾ. ನಾಳೆ ಸರಿಯಾಗುತ್ತೆ."

"ನಾಳೇನೇ ಆಗಿಬಿಡುತ್ತಾ?" ಎಂದು ನನ್ನ ಕೈ ಹಿಡಿದುಕೊಂಡಳು.

ಅವಳ ಕೈ ಇಷ್ಟು ಸಣಕಲಾಗಿರುವುದು ನನಗೆ ಗೊತ್ತೇ ಇರಲಿಲ್ಲ. ಕೂದಲೆಳೆಯೂ ಕಾಣುತ್ತದೆಂದು ಹೇಳಿ ಅಂಗಡಿಯವನು ಕೊಟ್ಟಿದ್ದ ಕ್ಯಾಮೆರಾ ಅದು.