ಗಾಜಿನ ಕಡಲಿಗೆ ಹೇಳದೆ ಬಂದದ್ದು

ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮಹಮ್ಮದ್ ಹನೀಫರ ಗಡಿಯಾರ ರಿಪೇರಿ ಅಂಗಡಿ ಇದೆ. ಮೊಬೈಲ್ ಬಂದ ಮೇಲೆ ಜನ ಹೊತ್ತು ನೋಡಲು ಮಣಿಕಟ್ಟು ತಿರುಗಿಸುವುದನ್ನೇ ಬಿಟ್ಟರು. ಗೋಡೆ ಗಡಿಯಾರಗಳ ಶೋಕೇಸು ಖಾಲಿ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ಮೊಬೈಲ್ ಕವರು ನೇತುಹಾಕುತ್ತಿದ್ದರು. ಈ ಮಹಾಶಯರು ಕಡಲು ತಂದಿಟ್ಟರು. ಮೂರಡಿಯ ಗಾಜಿನ ತೊಟ್ಟಿ, ತೂಗಿ ಕಲಸಿದ ಉಪ್ಪುನೀರು, ಎರಡು ಕಿತ್ತಳೆ ಬಣ್ಣದ ಮೀನು, ಮುಷ್ಟಿಯಷ್ಟು ಹಸಿರು ಹವಳ. ನಿಜವಾದ ಸಮುದ್ರವನ್ನು ಅವರು ಅರವತ್ತು ವರ್ಷದಲ್ಲಿ ನೋಡಿದ್ದು ಒಂದೇ ಸಲ, ಕಾರವಾರಕ್ಕೆ ಮದುವೆಗೆ ಹೋದಾಗ, ಅದೂ ಅರ್ಧ ತಾಸು.

ಮೀನು ಸತ್ತರೆ ಇನ್ನೊಂದು ಮೀನು ಸಿಗುತ್ತದೆ. ಹವಳದ ಮಾತು ಹಾಗಲ್ಲ. ಎರಡು ಬೇಸಿಗೆ, ಕರೆಂಟು ಹೋದಾಗಲೆಲ್ಲ ಐಸಿನ ಡಬ್ಬಿ ತೇಲಿಬಿಟ್ಟು, ರಟ್ಟಿನಿಂದ ಗಾಳಿ ಬೀಸಿ ಉಳಿಸಿಕೊಂಡದ್ದು. ತಮಗೆ ಸೆಕೆಯಾದರೆ ಇಷ್ಟು ಬೀಸಿಕೊಳ್ಳುವ ಮನುಷ್ಯರಲ್ಲ. ಅಂಥ ಹವಳ ಹತ್ತು ದಿನದಿಂದ ಮುದುಡಿ ಕೂತಿತ್ತು.

ಗುಮಾನಿ ಒಬ್ಬನ ಮೇಲೆ. ಹೋದ ತಿಂಗಳು ಚೆನ್ನೈನಿಂದ ಪಾರ್ಸೆಲ್‌ನಲ್ಲಿ ತೊಟ್ಟಿಗೆಂದು ಬಂದ ಕಲ್ಲಿನ ಸಂದಿಯಲ್ಲಿ ಅಡಗಿ, ಟಿಕೆಟ್ಟಿಲ್ಲದೆ ಬಂದ ಪ್ರಾಣಿ. ಅಡಿಕೆಗಿಂತ ಸಣ್ಣದು, ಕಪ್ಪು ಬಣ್ಣ, ಮೈತುಂಬ ರೋಮದಂಥ ಎಳೆಗಳು. ಸಂಜೆ ತೊಟ್ಟಿಯ ದೀಪ ಆರಿಸಿದ ಕೂಡಲೇ ಹೊರಬಂದು ಹವಳದ ಮೇಲೆಯೇ ಹತ್ತುತ್ತಿತ್ತು. ಫೋಟೊ ತೆಗೆದು ಮೀನು ಸಾಕುವವರ ವಾಟ್ಸಾಪ್ ಗುಂಪಿಗೆ ಹಾಕಿದರೆ ಏಳು ಜನ ಏಳು ಹೆಸರು ಹೇಳಿದರು. ಹಾವೇರಿಯಲ್ಲಿ ಮೀನಿನ ಅಂಗಡಿ ಇಟ್ಟಿರುವ ವೀರೇಂದ್ರ ಮಾತ್ರ ಫೋನೇ ಮಾಡಿದ.

“ಮೈಮ್ಯಾಲ ಚಿಪ್ಪು ಕಾಣವಲ್ದು ನೋಡ್ರಿ ಚಾಚಾ. ಅಂಥಾವು ಹವಳ ತಿಂತಾವು. ತಗದು ಬಿಸಿನೀರಿಗೆ ಹಾಕಿಬಿಡ್ರಿ.”

“ಹೆಸರ ಗೊತ್ತಿಲ್ಲದ್ದನ್ನ ಹೆಂಗ ಕೊಲ್ಲೂದೋ?”

“ಹೆಸರ ಗೊತ್ತಾಗೂದ್ರಾಗ ಹವಳ ಇರಂಗಿಲ್ರಿ.”

ಭಾನುವಾರ ಬೆಳಗ್ಗೆ ಹನೀಫರು ಮನಸ್ಸು ಗಟ್ಟಿಮಾಡಿ ಥರ್ಮಾಸಿನಲ್ಲಿ ಬಿಸಿನೀರು ತಂದರು. ಭಾನುವಾರ ಅಕ್ಕ ದೌಲತಬಿ ಮೋಟೆಬೆನ್ನೂರಿನಿಂದ ಬಸ್ಸು ಹಿಡಿದು ಬರುವ ದಿನ. ಬಂದು, ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ತಮ್ಮನ ಜೊತೆ ಚೌಕಾಬಾರ ಆಡಿ, ಅವನನ್ನು ಸೋಲಿಸಿ, ಊಟಕ್ಕೆ ಏಳುವುದು ಅವರ ಪದ್ಧತಿ. ಆಟಕ್ಕೆ ಮೂರು ಕವಡೆ, ಒಂದು ಸೀಳಿದ ಹುಣಸೆಬೀಜ. ನಾಲ್ಕನೆಯ ಕವಡೆ ಏಕಿಲ್ಲ ಎಂದು ಕೇಳಿದರೆ ದೌಲತಬಿ ತಮ್ಮನ ಕಡೆ ಕೈತೋರಿಸುತ್ತಾರೆ.

ಹುಟ್ಟೂರು ಕುಪ್ಪೇಲೂರಿನಲ್ಲಿ ಪಕ್ಕದ ಮನೆಯ ಫಕ್ಕೀರವ್ವನ ಕಟ್ಟೆಯ ಮೇಲೆ ಚೌಕಾಬಾರದ ಮನೆ ಕೆತ್ತಿತ್ತು. ಮನೆಯಲ್ಲಿ ಉರ್ದು, ಕಟ್ಟೆಯ ಮೇಲೆ ಕನ್ನಡ. ಅಕ್ಕತಮ್ಮಂದಿರು ಇಂದಿಗೂ ಕಟ್ಟೆಯ ಭಾಷೆಯಲ್ಲೇ ಜಗಳವಾಡುತ್ತಾರೆ. ನಾಲ್ಕು ಕವಡೆ ಕೊಟ್ಟವಳೂ ಫಕ್ಕೀರವ್ವನೇ. ಎಸೆಯುವ ಮೊದಲು ದೌಲತಬಿ ಮುಷ್ಟಿಯನ್ನು ಕಿವಿಗೆ ಹಿಡಿದು, “ಒಳಗ ಯಾರದೀರಿ? ಎಂಟು ಬೀಳ್ರಿ” ಎನ್ನುತ್ತಿದ್ದಳು. “ಅದು ಕಲ್ಲು. ಕಲ್ಲಿನ್ಯಾಗ ಯಾರಿರ್ತಾರ?” ಎಂದು ಹನೀಫ ಅಣಕಿಸುತ್ತಿದ್ದ. ಕಲ್ಲಾದರೂ ಅವಳ ಮಾತು ಕೇಳಿ ಎಂಟು ಬೀಳುತ್ತಿತ್ತಲ್ಲ, ಅದೇ ಅವನ ಉರಿ. ಒಂಬತ್ತನೆಯ ವಯಸ್ಸಿನಲ್ಲಿ, ಸತತ ಮೂರನೆಯ ಸಲ ಸೋತ ಸಿಟ್ಟಿಗೆ, ಒಂದು ಕವಡೆ ಎತ್ತಿ ಬಾವಿಗೆ ಎಸೆದ. ಅಕ್ಕ ಎರಡು ದಿನ ಉಣ್ಣಲಿಲ್ಲ.

“ಬಿಸಿನೀರು ಯಾಕೋ? ಚಾ ಮಾಡ್ತೀಯೇನು?” ದೌಲತಬಿ ಒಳಬಂದು ಕೇಳಿದರು. ತಮ್ಮ ಹೇಳಿದ್ದನ್ನು ಕೇಳಿ ಪಕ್ಕದಲ್ಲಿ ಕುಳಿತರು.

ಹನೀಫರು ಗಡಿಯಾರದ ಚಿಮಟದಿಂದ ಕಪ್ಪು ಪ್ರಾಣಿಯನ್ನು ಮೆಲ್ಲಗೆ ಬಿಡಿಸಿ, ಮೊದಲು ಉಪ್ಪುನೀರಿನ ಬಟ್ಟಲಿಗೆ ಹಾಕಿದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಬಗ್ಗಿದರು. ಹೆದರಿದ ಪ್ರಾಣಿ ಕಪ್ಪು ಮಾಂಸವನ್ನು ಎರಡೂ ಬದಿಯಿಂದ ಒಳಗೆ ಎಳೆದುಕೊಂಡಿತು. ಕೆಳಗಿನಿಂದ ತುಪ್ಪದ ಬಣ್ಣದ ಚಿಪ್ಪು, ಈಗಷ್ಟೇ ಒರೆಸಿಟ್ಟಷ್ಟು ನುಣುಪು. ಚಿಮಟದಿಂದ ಮಗುಚಿದರು. ಸೀಳುಬಾಯಿ, ಎರಡೂ ಅಂಚಿಗೆ ಸಾಲುಹಲ್ಲು.

ಸಾವಿರ ಸಲ ನೆಲಕ್ಕೆ ಎಸೆದ ವಸ್ತು. ಅದು ಜೀವಂತ ಇರುವಾಗ ಚಿಪ್ಪಿನ ಮೇಲೆ ತನ್ನ ಮೈಯನ್ನೇ ಹೊದ್ದಿರುತ್ತದೆಂದು ಯಾರು ಕಂಡಿದ್ದರು?

“ಆಪಾ... ಕವಡಿ ಐತಿ ಇದು,” ಎಂದು ಅಕ್ಕನನ್ನು ಕರೆದರು.

ದೌಲತಬಿ ಬಟ್ಟಲಿಗೆ ಬಗ್ಗಿದರು. ಸೀಳುಬಾಯಿಯಿಂದ ಎರಡು ಎಳೆಮೀಸೆ ಹೊರಬಂದವು, ಅವುಗಳ ಬುಡದಲ್ಲಿ ಸಾಸಿವೆಗಿಂತ ಸಣ್ಣ ಕಣ್ಣು.

“ಅದಾರೋ ಹನೀಫಾ, ಒಳಗ ಅದಾರ!” ಎಂದರು.

ವೀರೇಂದ್ರನಿಗೆ ಫೋನ್ ಹೋಯಿತು. ಕವಡಿ ಹೆಚ್ಚಾಗಿ ಪಾಚಿ ತಿಂತೈತಿ, ಮ್ಯಾಲ ಹತ್ತಿದ್ರ ಹವಳ ಮುದುಡತೈತಿ, ಆದ್ರೂ ಪೂರ್ತಿ ನಂಬಬ್ಯಾಡ್ರಿ ಎಂದ. ಹನೀಫರು ಹವಳದ ಕಡೆ ನೋಡಿದರು, ಬಟ್ಟಲಿನ ಕಡೆ ನೋಡಿದರು. ಆಮೇಲೆ ಬಟ್ಟಲನ್ನು ತೊಟ್ಟಿಯೊಳಗೇ ಬಗ್ಗಿಸಿದರು. ಬಿಸಿನೀರು ಚಹಾಕ್ಕೆ ಆಯಿತು.

“ವಯಸ್ಸಾಗಿ ಸತ್ತ ಮ್ಯಾಲ ನಿನಗ ಕೊಡ್ತೇನಿ ಆಪಾ. ನಾಲ್ಕು ಆಗ್ತಾವು.”

“ಅದರ ಸಾವಿಗೆ ಕಾಯೂ ಆಟ ನನಗ ಬ್ಯಾಡ.” ದೌಲತಬಿ ತಮ್ಮ ಮೂರು ಕವಡೆಗಳನ್ನು ಅಂಗೈಯಲ್ಲಿ ಹರಡಿಕೊಂಡರು. ಹಳದಿ ಬಣ್ಣ ಹೋಗಿ ಸುಣ್ಣದಂತಾಗಿದ್ದವು. ಒಂದೊಂದನ್ನೇ ಕಿವಿಗೆ ಹಿಡಿದು, ಏನನ್ನೂ ಕೇಳದೆ ಸೆರಗಿನ ತುದಿಗೆ ಕಟ್ಟಿಕೊಂಡರು. ಎದುರಿನ ಕಿರಾಣಿ ಅಂಗಡಿಗೆ ಹೋಗಿ ಹುಣಸೆಬೀಜ ತಂದು, ಸೀಳಿ, ನಾಲ್ಕು ಮಾಡಿದರು.

“ಬಾವಿಗೆ ಒಗದದ್ದು ಛಲೋನ ಆತು ಬಿಡೋ ತಮ್ಮಾ,” ಗೆರೆ ಎಳೆಯುತ್ತ ಹೇಳಿದರು. “ಒಂದಾದ್ರೂ ನೀರಿಗೆ ಹೋತು.”

ಹನೀಫರು ಭೂತಗನ್ನಡಿ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಮತ್ತೆ ಒರೆಸಿದರು. ಅವತ್ತು ಮೂರು ಆಟ ನಡೆಯಿತು. ಮೂರರಲ್ಲೂ ಅವರೇ ಸೋತರು, ಸಿಟ್ಟಿಗೆ ಯಾವ ಬೀಜವನ್ನೂ ಹೊರಗೆ ಎಸೆಯಲಿಲ್ಲ.