ಹೆಬ್ಬೆರಳಿಗೆ ನಿಂತ ಪಂಪು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರೆಲ್ಲ ಹೇಳುತ್ತದೆ, ಸುಳ್ಳಲ್ಲ. ರಾಣೆಬೆನ್ನೂರಿನಲ್ಲಿ ನಮ್ಮದು ಕಾರು, ಟ್ರ್ಯಾಕ್ಟರಿನ ಸ್ಪೇರ್ ಪಾರ್ಟ್ಸ್ ಅಂಗಡಿ. ಯಜಮಾನರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದ ಮೇಲೆ ಗಲ್ಲಾದ ಮುಂದೆ ಕೂತವಳು ನಾನು. ಮನೆಯಲ್ಲಿ ಅವರನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ದಿನಾ ಬೆಳಿಗ್ಗೆ ರಿಕ್ಷಾದಲ್ಲಿ ಕರೆತಂದು ಕೌಂಟರಿನ ಪಕ್ಕದ ಕುರ್ಚಿಯಲ್ಲಿ ಕೂರಿಸುತ್ತಿದ್ದೆ. ಅವರು ರಸ್ತೆ ನೋಡುತ್ತ ಕೂತಿರುತ್ತಿದ್ದರು. ಕರೆದರೆ ಒಮ್ಮೆ ತಿರುಗುವರು, ಒಮ್ಮೆ ಇಲ್ಲ. ಒಳಗೆ ಎಷ್ಟು ತಿಳಿಯುತ್ತದೆಂದು ಡಾಕ್ಟರಿಗೂ ಹೇಳಲು ಬರಲಿಲ್ಲ. ನಾಲ್ಕು ತಿಂಗಳು ಕಾದು ನಾನೂ ಆಸೆ ಬಿಟ್ಟೆ.

ಹಾವೇರಿಯಿಂದ ನನ್ನ ತಮ್ಮ ಬಂದು ಅವರ ಎದುರಿಗೇ ಕೂತು ಹೇಳಿದ, "ಅಕ್ಕಾ, ಭಾವ ಇನ್ನ ಮೊದಲಿನಂಗ ಆಗಂಗಿಲ್ಲ. ನಿನಗರ ಈ ಸಾಮಾನು ತಿಳಿಯಂಗಿಲ್ಲ. ತಗೊಳ್ಳಾವ್ರು ಒಬ್ರು ಅದಾರ, ಅಂಗಡಿ ಕೊಟ್ಟಬಿಡು."

"ಕೊಡೂದ ಖರೆ," ಅಂದೆ. "ಇವರಿಗೇನ ತಿಳೀತೈತಿ? ಗೊಂಬಿ ಕುಂದ್ರಿಸಿದಂಗ ಕುಂದ್ರಿಸೇನಿ."

ಯಜಮಾನರು ರಸ್ತೆ ನೋಡುತ್ತಲೇ ಇದ್ದರು.

ಅದೇ ವಾರ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬ ಬಂದ. ಅವನು ಮೆಟ್ಟಿಲು ಹತ್ತುವಷ್ಟರಲ್ಲೇ ನನಗೆ ಎರಡು ಸೀನು ಬಂದವು. ಊರಲ್ಲಿ ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ಇಂಜೆಕ್ಷನ್ ಕಾರುಗಳು ಬರತೊಡಗಿದ್ದ ಕಾಲ ಅದು, ಆದರೆ ಅವನದು ಕಾರ್ಬೊರೇಟರಿನ ಹಳೆಯ ಗಾಡಿ. ಬಿಸಿಲೇರಿದರೆ ಪೈಪಿನಲ್ಲೇ ಪೆಟ್ರೋಲು ಆವಿಯಾಗಿ ನಡುದಾರಿಯಲ್ಲಿ ನಿಲ್ಲುತ್ತಿತ್ತು. ಇಂಜಿನ್ನಿಗೆ ಅಂಟಿಕೊಂಡು ಪೆಟ್ರೋಲು ಎಳೆಯುವ ಹಳೆಯ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಸುತ್ತಿ ಸಾಕಾಗಿ, ಕರೆಂಟಿನ ಪಂಪು ಹಾಕಿಸಬೇಕೆಂದು ಬಂದಿದ್ದ.

"ಜೋರದ್ದು ಕೊಡ್ರಿ ಅಕ್ಕಾರ. ನಮ್ಮ ಹೊಲದಾಗ ಮೂರು ಎಚ್‌ಪಿ ಮೋಟರ್ ನೀರು ಎತ್ತಲಿಲ್ಲ. ಐದು ಎಚ್‌ಪಿ ಇಳಿಸಿದ ಮ್ಯಾಲೆ ಹೆಂಗ ಬಂತಂತೀರಿ ನೀರು."

ನನಗೂ ಸರಿಯೆನಿಸಿತು. ನಮ್ಮ ಸೀಮೆಯಲ್ಲಿ ಪಂಪೆಂದರೆ ಮೊದಲು ನೆನಪಾಗುವುದು ಬೋರಿನದೇ, ಅದು ಜೋರಿದ್ದಷ್ಟೂ ಲೇಸು. ಇಂಜೆಕ್ಷನ್ ಗಾಡಿಗೆಂದು ತರಿಸಿದ್ದ ದೊಡ್ಡ ಪಂಪನ್ನು ಇಳಿಸಿ ಕೌಂಟರಿನ ಮೇಲಿಟ್ಟೆ.

ಯಜಮಾನರು ಎಡಗೈಯಿಂದ ಕೌಂಟರ್ ಬಡಿಯತೊಡಗಿದರು. ಬಾಯಿಂದ ಹಾ, ಹಾ ಎಂಬುದಷ್ಟೇ ಹೊರಟಿತು. "ಸುಮ್ನ ಕುಂದರ್ರಿ, ನೀರು ಕೊಡ್ತೀನಿ" ಎಂದು ಗದರಿದೆ. ಲೋಟ ಬಾಯಿಗೆ ಹಿಡಿದರೆ ನೂಕಿಬಿಟ್ಟರು, ಸೀರೆಯೆಲ್ಲ ಒದ್ದೆಯಾಯಿತು. ವ್ಯಾಪಾರಿ ಕಂಡರೂ ಕಾಣದವನಂತೆ ಮುಖ ತಿರುಗಿಸಿದ. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಪಂಪು ಕಟ್ಟಿಕೊಟ್ಟು ಕಳಿಸಿದೆ.

ಮರುದಿನ ಅವನು ಬಂದಾಗ ಮೆಣಸಿನಕಾಯಿಯ ಘಾಟಿಲ್ಲ, ಮೈತುಂಬ ಪೆಟ್ರೋಲು ವಾಸನೆ. ಪಂಪನ್ನು ಬಿಚ್ಚಿಸಿ ತಂದಿದ್ದ.

"ಕಾರ್ಬೊರೇಟರ್ ತುಂಬಿ ಇಂಜಿನ್ ಮ್ಯಾಲೆಲ್ಲಾ ಪೆಟ್ರೋಲ್ ಹರೀತ್ರಿ. ಹಿಂದಿನ ಸೀಟಿನ್ಯಾಗ ನಮ್ಮವ್ವ ಕುಂತಿದ್ಳು. ಒಂದ ಕಿಡಿ ಹಾರಿದ್ರ ಏನ್ ಗತಿ?"

ಯಾರು ಒಂದು ಅಂದರೂ ಎರಡು ಅನ್ನುವ ನಾನು ಆಗ ಗಲ್ಲಾ ತೆಗೆದು ಅವನ ದುಡ್ಡು ಎಣಿಸತೊಡಗಿದೆ.

ಅಷ್ಟರಲ್ಲಿ ಪಕ್ಕದಿಂದ ಮತ್ತೆ ಕೌಂಟರ್ ಬಡಿದ ಸದ್ದು. ಈ ಸಲ ತಿರುಗಿ ನೋಡಿದೆ. ಅವರ ಕಣ್ಣು ರಸ್ತೆಯ ಮೇಲಿರಲಿಲ್ಲ, ರ್‍ಯಾಕಿನ ಮೇಲಿತ್ತು. ಎಡಗೈ ಮೇಲೆತ್ತಿ ತೋರಿಸುತ್ತಿದ್ದರು. ಸ್ಟೂಲು ಹತ್ತಿ ಒಂದು ಡಬ್ಬಿ ಇಳಿಸಿದೆ, ಬೇಡವೆಂದು ಸರಿಸಿದರು. ಇನ್ನೊಂದು ತಂದೆ, ಅದನ್ನೂ ಸರಿಸಿದರು. ಮೂರನೆಯದು ಫ್ಯಾನ್ ಬೆಲ್ಟುಗಳ ಹಿಂದೆ ಧೂಳು ಹಿಡಿದು ಕೂತಿತ್ತು, ಒಳಗೆ ಮುಷ್ಟಿಯಷ್ಟು ಸಣ್ಣ ಪಂಪು. ಅದನ್ನು ಎದೆಗೆ ಒತ್ತಿ ಹಿಡಿದುಕೊಂಡರು.

ಆಮೇಲೆ ಹಾರ್ನು ಪರೀಕ್ಷಿಸುವ ಬ್ಯಾಟರಿಯನ್ನು ತೋರಿಸಿದರು. ಸಾಮಾನು ತೊಳೆಯುವ ಚಿಮಣಿ ಎಣ್ಣೆಯ ಡಬ್ಬಿಯನ್ನು ತೋರಿಸಿದರು. ಅವರ ಬೆರಳು ಹೇಳಿದಂತೆ ನಾನೂ ವ್ಯಾಪಾರಿಯೂ ಪೈಪು ಸಿಕ್ಕಿಸಿ, ವಾಯರು ತಾಗಿಸಿದೆವು. ಪಂಪು ಟಕ ಟಕ ಎನ್ನುತ್ತ ಎಣ್ಣೆಯನ್ನು ಎಳೆದು ಡಬ್ಬಿಗೇ ಸುರಿಯಿತು. ಅವರು ಪೈಪಿನ ಬಾಯಿಗೆ ಹೆಬ್ಬೆರಳಿಟ್ಟರು. ಟಕಟಕ ನಿಧಾನವಾಗಿ ನಿಂತೇಹೋಯಿತು. ಬೆರಳು ತೆಗೆದರೆ ಮತ್ತೆ ಶುರು.

ಈಗ ದೊಡ್ಡ ಪಂಪಿನ ಕಡೆ ಬೆರಳು ಮಾಡಿ, ವ್ಯಾಪಾರಿಯ ಹೆಬ್ಬೆರಳನ್ನು ಹಿಡಿದು ತಾವೇ ಅದರ ಪೈಪಿಗೆ ಒತ್ತಿಸಿದರು. ವಾಯರು ತಾಗಿದ್ದೇ ತಡ, ಎಣ್ಣೆ ಬೆರಳನ್ನು ಸರಿಸಿಕೊಂಡು ಅವನ ಅಂಗಿಗೂ ನನ್ನ ಮುಖಕ್ಕೂ ಚಿಮ್ಮಿತು.

ಕಾರ್ಬೊರೇಟರಿನೊಳಗೆ ಒಂದು ಸಣ್ಣ ಬಟ್ಟಲು ಇರುತ್ತದೆ, ಅದು ತುಂಬಿದೊಡನೆ ಒಂದು ಸೂಜಿ ಪೆಟ್ರೋಲು ಬರುವ ಬಾಯಿ ಮುಚ್ಚುತ್ತದೆ. ಅಷ್ಟು ನನಗೂ ಗೊತ್ತಿತ್ತು. ಆ ಸೂಜಿಯ ಬಲ ಎಷ್ಟೆಂಬುದನ್ನು ಅವರು ಒಂದು ಮಾತಿಲ್ಲದೆ ನಮ್ಮಿಬ್ಬರಿಗೂ ತಿಳಿಸಿಬಿಟ್ಟಿದ್ದರು. ಬೆರಳಿಗೆ ನಿಲ್ಲದ ಪಂಪನ್ನು ಸೂಜಿ ಹೇಗೆ ತಡೆಯಬೇಕು? ನನ್ನ ಮೈಮೇಲೆ ಮುಳ್ಳೆದ್ದವು. ದೇವರ ಮುಂದೆ ನಿಂತಾಗಲೂ ನನಗೆ ಹಾಗಾದದ್ದಿಲ್ಲ.

ವ್ಯಾಪಾರಿ ಮುಖ ಒರೆಸಿಕೊಳ್ಳುತ್ತ ನಕ್ಕ. "ಉಗುರಿಲೆ ಹೋಗೂದಕ್ಕ ಕೊಡ್ಲಿ ತಗೊಂಡಿದ್ವಿ ನೋಡ್ರಿ ಅಕ್ಕಾರ." ಯಜಮಾನರ ಎಡಗೈಯನ್ನು ಕಣ್ಣಿಗೊತ್ತಿಕೊಂಡು, ಸಣ್ಣ ಪಂಪು ಒಯ್ದ. ಎರಡು ದಿನ ಬಿಟ್ಟು ಫೋನ್ ಮಾಡಿದ. ಅವ್ವನನ್ನು ಕೂರಿಸಿಕೊಂಡು ನಡುಮಧ್ಯಾಹ್ನ ಹಾವೇರಿಗೆ ಹೋಗಿ ಬಂದನಂತೆ, ಗಾಡಿ ಎಲ್ಲೂ ನಿಲ್ಲಲಿಲ್ಲವಂತೆ.

ಫೋನ್ ಇಟ್ಟು ಸಂತೋಷದಿಂದ ಅವರ ಕಡೆ ತಿರುಗಿದವಳು ಹಾಗೇ ನಿಂತೆ. ಪಂಪಿನ ಬಗ್ಗೆ ಇಷ್ಟು ತಿಳಿಯುವವರಿಗೆ ಬೇರೆಯದು ತಿಳಿದಿರಲಿಲ್ಲವೇ? ನಾಲ್ಕು ತಿಂಗಳು ಆ ಕುರ್ಚಿಯ ಮುಂದೆ ನಾನು ಏನೇನು ಆಡಿದ್ದೆ.

"ಎಲ್ಲಾ ಕೇಳಸ್ತಿತ್ತೇನ್ರಿ?"

ತಲೆಯಾಡಿಸಿದರು.

"ಗೊಂಬಿ ಅಂದಿದ್ದೂ?"

ಅದಕ್ಕೂ ಹೌದೆಂದು ತಲೆಯಾಡಿಸಿದರು. ಅವರ ಮೊಣಕಾಲ ಮೇಲೆ ತಲೆಯಿಟ್ಟು, ಗಿರಾಕಿ ಬಂದಾರೆಂಬ ಪರಿವೆಯೂ ಇಲ್ಲದೆ ಅತ್ತೆ. ಅವರು ಅಳಲಿಲ್ಲ, ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

ಸಂಜೆಯ ಮುಂದೆ ತಮ್ಮನ ಫೋನ್ ಬಂತು. "ಅಕ್ಕಾ, ಅಂಗಡಿ ತಗೊಳ್ಳಾವ್ರು ನಾಳೆ ಬರ್ತಾರ. ಏನ ಹೇಳ್ಲಿ?"

"ತಡಿ, ನಿಮ್ಮ ಭಾವನ್ನ ಕೇಳ್ತೀನಿ."

"ಯಾರನ್ನ?" ಅಂದ ತಮ್ಮ.

ರಿಸೀವರನ್ನು ಕೌಂಟರಿನ ಮೇಲಿಟ್ಟು ಅವರ ಮುಂದೆ ಕೂತೆ. "ಏನ್ರಿ, ಅಂಗಡಿ ಕೊಡೂದೋ..." ಅನ್ನುವಷ್ಟರಲ್ಲೇ ಅವರು ಬೇಡವೆಂದು ತಲೆ ಅಲ್ಲಾಡಿಸಿದರು.